ಅಶೋಕನಿಗೆ ಹಾಸಿದ ಕೌದಿ

ಅಶೋಕ ಚಕ್ರವರ್ತಿ ಮಸ್ಕಿಗೆ ಬಂದಾಗ ಅವನಿಗೆ ಮಲಗಲು ಕೌದಿ ಹಾಸಿಕೊಟ್ಟದ್ದು ನಮ್ಮ ಮನೆತನ. ನಗಬೇಡಿ. ಮಸ್ಕಿಯ ಗುಡ್ಡದಲ್ಲಿ ಅವನ ಶಾಸನ ಇದೆಯಲ್ಲ, ಅದನ್ನು ಯಾವ ಬಂಡೆಯ ಮೇಲೆ ಬರೆಸಬೇಕೆಂದು ತಿಳಿಯದೆ ಚಕ್ರವರ್ತಿ ಮೂರು ದಿನ ತಲೆ ಕೆರೆದುಕೊಂಡು ಕೂತಿದ್ದ. "ಇಲ್ಲೇ ಬರೆಸ್ರಿ ಸಾಹೇಬ್ರ, ಇಲ್ಲಿ ಮಳಿ ಬಡಿಯಂಗಿಲ್ಲ" ಎಂದು ಜಾಗ ತೋರಿಸಿದವನು ನನ್ನ ಅಜ್ಜನ ಅಜ್ಜನ ಅಜ್ಜ. ಆ ದಿನ ನಮ್ಮವರು ಹಾಸಿದ ಕೌದಿ ಎಷ್ಟು ಮೆತ್ತಗಿತ್ತೆಂದರೆ ಚಕ್ರವರ್ತಿ ಮರುದಿನ ಮಧ್ಯಾಹ್ನವಾದರೂ ಏಳಲಿಲ್ಲ. ಪಾಟಲಿಪುತ್ರದಲ್ಲಿ ರಾಜ್ಯದ ಕೆಲಸವೆಲ್ಲ ನಿಂತುಹೋಯಿತು. ಹಾಗಾದರೆ ಶಾಸನದಲ್ಲಿ ಕೌದಿಯ ಮಾತು ಯಾಕಿಲ್ಲ ಎಂದು ಕೇಳುತ್ತೀರಿ. ಬಂಡೆ ಸಾಲಲಿಲ್ಲ.

ಈ ಸಂಗತಿಯನ್ನು ನಾನು ಸಿಂಧನೂರಿನಲ್ಲಿ ಎಂಟು ಸಾವಿರ ಜನರಿಗೆ ಹೇಳಿದ್ದೇನೆ. ಒಬ್ಬರೂ ನಂಬಲಿಲ್ಲ, ಆದ್ದರಿಂದ ಒಬ್ಬರಿಗೂ ತೊಂದರೆಯಾಗಲಿಲ್ಲ. ಎಂಟು ಸಾವಿರದ ಒಂದನೆಯವರು ನಂಬಿಬಿಟ್ಟರು. ಎಲ್ಲ ಅನಾಹುತವೂ ಅಲ್ಲಿಂದ ಶುರು.

ನನ್ನ ಹೆಸರು ಅಂಬಪ್ಪ. ಸಿಂಧನೂರಿನ ಒಂದು ದೊಡ್ಡ ರೈಸ್ ಮಿಲ್ಲು ನನ್ನ ಕೈಯಲ್ಲಿದೆ. ನಾನು ಕೈ ಎತ್ತಿದರೆ ಲಾರಿಗಳು ನಿಲ್ಲುತ್ತವೆ, ಕೈ ಇಳಿಸಿದರೆ ಹೊರಡುತ್ತವೆ. ನನಗೊಬ್ಬಳು ಮಗಳು, ನಂದಿನಿ. ತುರ್ವಿಹಾಳದ ದವಾಖಾನೆಯಲ್ಲಿ ನರ್ಸ್. ಲಿಂಗಸುಗೂರಿನ ಶಿವರಾಜ ಎಂಬ ಹುಡುಗ, ಕೃಷಿ ಇಲಾಖೆಯವನು, ಭತ್ತದ ಗದ್ದೆ ನೋಡಲು ಬಂದವನು ಕಾಲುವೆಯ ದಂಡೆಯಲ್ಲಿ ಜಾರಿ ಬಿದ್ದು ಮೊಣಕೈ ತರಚಿಕೊಂಡು ಆ ದವಾಖಾನೆಗೆ ಹೋದ. ನಂದಿನಿ ಪಟ್ಟಿ ಕಟ್ಟಿದಳು. ಗಾಯ ಮೂರು ದಿನಕ್ಕೆ ಮಾಸಿತು. ಹುಡುಗ ಮೂರು ತಿಂಗಳು ಪಟ್ಟಿ ಬದಲಿಸಿಕೊಳ್ಳಲು ಹೋದ. ಇಬ್ಬರೂ ಒಪ್ಪಿದರು. ನಾವೂ ಒಪ್ಪಿದೆವು. ಉಳಿದದ್ದು ಒಬ್ಬರೇ. ತಾಯಿಯಿಲ್ಲದ ಶಿವರಾಜನನ್ನು ಸಾಕಿ ಬೆಳೆಸಿದ ಅವನ ದೊಡ್ಡವ್ವ, ಗುರುಲಿಂಗಮ್ಮ.

ಗುರುಲಿಂಗಮ್ಮ ನಮ್ಮ ಮನೆಗೆ ಬಂದರು, ಚಹಾ ಕುಡಿದರು, ಗೋಡೆ ನೋಡಿದರು, ಸೂರು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಬಾಡಿಗಿ ಮನೀನ್ರಿ?"

ಇಂಥ ಪ್ರಶ್ನೆಗೆ ಹೌದು ಎನ್ನುವುದು ಸಾಮಾನ್ಯರ ಲಕ್ಷಣ. ನನ್ನ ಹೆಂಡತಿ ಪದ್ಮಾವತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಿನಿಂದಲೇ ನನ್ನ ಬಾಯಿ ಹೊಲಿಯಲು ನೋಡಿದಳು. ದಾರ ಸಾಲಲಿಲ್ಲ.

"ಇದು ಇರಾಕ ರೀ ಅಕ್ಕಾರ. ನಮ್ಮ ಮೂಲಮನಿ ಮಸ್ಕಿಯೊಳಗ ಐತಿ. ವಾಡೆ. ಹದಿನಾಲ್ಕು ಅಂಕಣ. ಅಶೋಕ ಚಕ್ರವರ್ತಿ ಬಂದಾಗ..." ಎಂದು ಶುರು ಮಾಡಿ ಕೌದಿಯವರೆಗೂ ಹೋದೆ.

ಗುರುಲಿಂಗಮ್ಮ ಕೈ ಮುಗಿದುಬಿಟ್ಟರು. "ಭಾಳ ಚೊಲೋ ಆತ್ರಿ ಬೀಗರ. ನಮ್ಮ ಮನೆತನದಾಗ ಹುಡುಗಿ ಮೂಲಮನಿ ಹೊಸ್ತಿಲಕ್ಕ ಅರಿಶಿಣ ಹಚ್ಚದ ಸಂಬಂಧ ಮಾಡಿಲ್ಲ. ಬರೋ ಐತಾರ ಮಸ್ಕಿಗೆ ಹೋಗೂಣು. ಹೊಸ್ತಿಲಕ್ಕ ಅರಿಶಿಣ ಹಚ್ಚಿ, ಆ ಮನ್ಯಾಗಿನ ಹೆಣ್ಣುಮಗಳಿಗೆ ಮೊದಲನೇ ಉಡಿ ತುಂಬಿ, ಹಂಗ ಸಿಂಧನೂರಿಗೆ ಬಂದು ನಂದಿನಿಗೆ ಎರಡನೇ ಉಡಿ ತುಂಬ್ತೀನಿ. ಅಲ್ಲಿಗೆ ಮಾತು ಪಕ್ಕಾ."

ಅವರು ಹೋದಮೇಲೆ ಮನೆಯಲ್ಲಿ ನಡೆದದ್ದನ್ನು ಪೂರ್ತಿ ಬರೆಯಲಾರೆ. ಪದ್ಮಾವತಿ, "ಹದಿನಾಲ್ಕು ಅಂಕಣ! ನಿಮ್ಮಪ್ಪ ಹದಿನಾಲ್ಕು ಇಟ್ಟಂಗಿ ಕಂಡಿದ್ನೇನು?" ಎಂದಳು. ನಂದಿನಿ ನನ್ನ ಫೋನು ತಂದು ಕೈಗಿಟ್ಟಳು.

"ಅಪ್ಪಾ, ಫೋನ್ ಹಚ್ಚಿ ಖರೇ ಹೇಳಿಬಿಡು. ನಿನ್ನ ಬಾಯಿಂದ ಈ ಸಂಬಂಧ ಮುರೀತಂದ್ರ ನಾ ಮತ್ತೊಂದು ನೋಡಂಗಿಲ್ಲ."

"ಹೇಳ್ತೀನಿ" ಎಂದೆ. ಹೇಳಲಿಲ್ಲ. ಚಕ್ರವರ್ತಿಗಳಿಗೆ ಆತಿಥ್ಯ ಮಾಡಿದ ಮನೆತನದವನು ಕೊಟ್ಟ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ಅದೂ ಅಲ್ಲದೆ ನನ್ನ ಬಳಿ ಒಂದು ಯೋಜನೆಯಿತ್ತು. ಹಳೇ ಊರು ಅಂದಮೇಲೆ ಬೀಗ ಹಾಕಿದ ಒಂದು ವಾಡೆ ಇದ್ದೇ ಇರುತ್ತದೆ. ಅದರ ಮುಂದೆ ನಿಂತು "ಕೀಲಿ ನಮ್ಮಣ್ಣನ ಹತ್ರ ಐತಿ" ಎಂದರೆ ಮುಗಿಯಿತು. ಅರಿಶಿಣ ಹಚ್ಚಲು ಹೊಸ್ತಿಲು ಸಾಕು. ಒಳಗೆ ಯಾರಿದ್ದರೇನು, ಬಿಟ್ಟರೇನು?

ಐತವಾರ ಬೆಳಿಗ್ಗೆ ಹತ್ತಕ್ಕೆ ಮಸ್ಕಿಯ ಬಸ್ ನಿಲ್ದಾಣದಲ್ಲಿ ಸೇರಿದೆವು. ನಾನು ಸಿಂಧನೂರಿನ ಬಸ್ಸಿನಿಂದ ಇಳಿದೆ, ಅವರು ಲಿಂಗಸುಗೂರಿನ ಬಸ್ಸಿನಿಂದ. ಗುರುಲಿಂಗಮ್ಮನ ಕೈಯಲ್ಲಿ ಎರಡು ಚೀಲ, ಒಂದೊಂದು ಉಡಿಗೆ ಒಂದೊಂದು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು, ಜಂಪರ್ ಪೀಸು. ಶಿವರಾಜನ ಕೈಯಲ್ಲಿ ಫೋನು.

ಪೇಟೆ ದಾಟಿದರೆ ಹಳೇ ಊರು. ಅಲ್ಲೊಂದು ಬೇವಿನ ಗಿಡದ ಕೆಳಗೆ ಹಾದಿ ಎರಡಾಗುತ್ತದೆ. ಬಲಕ್ಕೆ ಹತ್ತಿದರೆ ಮ್ಯಾಗಲ ಓಣಿ. ಕರಿಕಲ್ಲಿನ ಗೋಡೆಗಳು, ಆನೆ ಬಂದರೂ ಬಾಗದೆ ಹೋಗಬಹುದಾದ ಬಾಗಿಲುಗಳು, ಕಟ್ಟೆಯ ಮೇಲೆ ಪೇಪರು ಓದುವ ಹಿರಿಯರು. ಎಡಕ್ಕೆ ಇಳಿದರೆ ಹಳ್ಳದ ಓಣಿ. ತಗಡಿನ ಸೂರು, ಸಾಲಾಗಿ ನಿಂತ ನೀಲಿ ಕೊಡಗಳು, ಆಡು, ಕೋಳಿ, ಕೆಳಗೆ ಹರಿಯುವ ಹಳ್ಳ, ಹಳ್ಳದ ದಂಡೆಯ ಕಲ್ಲುಗಳ ಮೇಲೆ ಒಣಹಾಕಿದ ಬಣ್ಣಬಣ್ಣದ ಕೌದಿಗಳು. ಮ್ಯಾಗಲ ಓಣಿಯಲ್ಲಿ ಜನ ಕೆಮ್ಮುವುದಕ್ಕೂ ಒಂದು ಗತ್ತು. ಹಳ್ಳದ ಓಣಿಯಲ್ಲಿ ಒಂದು ಮನೆಯ ಒಗ್ಗರಣೆಗೆ ಹತ್ತು ಮನೆಯವರು ಸೀನುತ್ತಾರೆ. ನಾನು ಎಡಕ್ಕೆ ನೋಡಲೂ ಇಲ್ಲ. ಕುತ್ತಿಗೆ ಹಿಡಿದವನಂತೆ ಬಲಕ್ಕೇ ತಿರುಗಿ ನಡೆದೆ.

"ಆ ಕಡಿ ಏನೈತ್ರಿ ಬೀಗರ?" ಗುರುಲಿಂಗಮ್ಮ ಎಡಕ್ಕೆ ಕೈ ಮಾಡಿದರು.

"ಆ ಕಡಿ ಹೋಗಬಾರದ್ರಿ. ಹುಲಿ ಅದಾವು."

"ಹುಲಿ?" ಅವರು ಅಲ್ಲೇ ನಿಂತರು.

"ಕೌದಿ ಒಣಗ್ಹಾಕ್ಯಾರಲ್ರಿ ಮಾವಾರ" ಎಂದ ಶಿವರಾಜ.

"ಈಗ ಹುಲಿ ಇಲ್ಲಪ. ಇದ್ದಾಗ ಕೌದಿ ಹಾಕ್ತಿರಲಿಲ್ಲ" ಎಂದು ಹೇಳಿ ಹೆಜ್ಜೆ ಬಿರುಸು ಮಾಡಿದೆ.

ಮ್ಯಾಗಲ ಓಣಿಯಲ್ಲಿ ನನ್ನ ವಿದ್ವತ್ತು ಕಾಲುವೆಗೆ ನೀರು ಬಿಟ್ಟಂತೆ ಹರಿಯಿತು. ಈ ಕಲ್ಲಿಗೆ ನಿಜಾಮರ ಆನೆ ಬೆನ್ನು ತಿಕ್ಕಿಕೊಂಡಿತ್ತು, ಈ ಬಾವಿಗೆ ಬಿದ್ದ ತಂಬಿಗೆ ಕಾಶಿಯಲ್ಲಿ ಸಿಕ್ಕಿತ್ತು, ಈ ಗೋಡೆಯೊಳಗೆ ಏಳು ಕೊಪ್ಪರಿಗೆ ಬಂಗಾರ. ಒಂದು ದುಂಡನೆಯ ಕಟ್ಟೆಯ ಮುಂದೆ ನಿಂತು, "ಅಶೋಕನ ದೂತರು ಕುದುರಿ ಇಳಿದದ್ದು ಇಲ್ಲೇ ರೀ. ಎರಡು ಸಾವಿರ ವರ್ಷದ ಕಟ್ಟಿ, ಒಂದು ಬಿರುಕು ಬಿಟ್ಟಿಲ್ಲ ನೋಡ್ರಿ" ಎಂದೆ.

ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಮುದುಕಿ ತಲೆ ಎತ್ತಿದಳು. "ಹೋದ ವರ್ಷ ಯುಗಾದಿಗೆ ಕಟ್ಸ್ಯಾರ ಯಪ್ಪಾ. ಸಿಮೆಂಟಿಗೆ ನೀರು ಹೊಡದಾಕಿ ನಾನ."

ಗುರುಲಿಂಗಮ್ಮ ನನ್ನನ್ನು ನೋಡಿದರು. "ಅಜ್ಜಿಗೆ ವಯಸ್ಸಾಗೈತ್ರಿ" ಎಂದೆ ಮೆಲ್ಲಗೆ.

ಆದರೆ ನನ್ನ ಯೋಜನೆ ಕೈಕೊಡುತ್ತಿತ್ತು. ಯಾಕೆಂದರೆ ಆ ಹಾಳು ಓಣಿಯಲ್ಲಿ ಒಂದು ಮನೆಗೂ ಬೀಗವಿಲ್ಲ! ಹನ್ನೊಂದು ಬಾಗಿಲು ಎಣಿಸಿದೆ, ಹನ್ನೊಂದೂ ತೆರೆದಿದ್ದವು. ಐತವಾರ ಅಂತ ಎಲ್ಲರೂ ಮನೆಯಲ್ಲೇ. ಹನ್ನೆರಡನೆಯದು ಮುಚ್ಚಿತ್ತು. ದೊಡ್ಡ ಬಾಗಿಲು, ಹಿತ್ತಾಳೆ ಬಳೆಗಳು, ಹೊಸ್ತಿಲಿಗೆ ಹಸಿ ರಂಗೋಲಿ, ಮೇಲೆ ಮಾವಿನ ತೋರಣ. ರಂಗೋಲಿ ಹಾಕಿದ ಮನೆಯಲ್ಲಿ ಜನ ಇರುತ್ತಾರೆ ಎಂಬ ವಿಚಾರ ನನ್ನಂಥ ದೊಡ್ಡ ತಲೆಯಲ್ಲಿ ಹುಡುಕಿ ಬರುವಷ್ಟರಲ್ಲಿ ಬಾಯಿ ಹೇಳಿಬಿಟ್ಟಿತ್ತು:

"ಇದ ನೋಡ್ರಿ ಅಕ್ಕಾರ. ನಮ್ಮ ಮೂಲಮನಿ. ಆದರ ಕೀಲಿ..."

ಬಾಗಿಲು ತೆರೆಯಿತು.

ಒಬ್ಬ ಹಿರಿಯಾಕೆ, ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಆ ಮನೆಯ ಹಿರಿಯರು ಪಾರ್ವತೆಮ್ಮ ಎಂದು ಆಮೇಲೆ ತಿಳಿಯಿತು. ಅವರು ನಮ್ಮ ಮೂವರನ್ನೂ ನೋಡಿ, "ಲಿಂಗಸೂರಿನವರೇನ್ರಿ?" ಎಂದರು.

"ಹೌದ್ರಿ" ಎಂದರು ಗುರುಲಿಂಗಮ್ಮ.

"ಯವ್ವಾ, ಬರ್ರಿ ಬರ್ರಿ! ಮುಂಜಾನಿಂದ ನಿಮ್ಮ ಹಾದೀನ ನೋಡಾಕತ್ತೀವಿ. ಕಾಲಿಗೆ ನೀರು ತಗೋರಿ. ದುರುಗೇಶಾ, ಬೀಗರು ಬಂದ್ರು ಬಾರಪಾ!"

ನಾನು ಗರಬಡಿದವನಂತೆ ನಿಂತೆ. ನನ್ನ ಆಯುಷ್ಯದಲ್ಲಿ ನಾನು ಹೇಳಿದ ಸುಳ್ಳು ಎಂದೂ ಬಾಗಿಲು ತೆಗೆದು ಕಾಲಿಗೆ ನೀರು ಕೊಟ್ಟಿರಲಿಲ್ಲ. ಒಂದು ಗಳಿಗೆ ನನಗೇ ಅನುಮಾನ ಬಂತು: ಈ ಮನೆ ನಮ್ಮದೇ ಇರಬಹುದೇ? ಅಪ್ಪ ಹೇಳಲು ಮರೆತಿರಬಹುದೇ?

"ಹೇಳಿ ಕಳಿಸಿದ್ರೇನ್ರಿ ಬೀಗರ?" ಗುರುಲಿಂಗಮ್ಮ ಹಿಗ್ಗಿನಿಂದ ಕೇಳಿದರು.

"ನಮ್ಮ ಮನೀಗೆ ನಾವು ಹೇಳಿ ಕಳಿಸೋದು ಏನೈತ್ರಿ?" ಎಂದೆ, ಕಾಲಿಗೆ ನೀರು ಹಾಕಿಕೊಳ್ಳುತ್ತ. ಗುರುಲಿಂಗಮ್ಮ ಹೊಸ್ತಿಲಿಗೆ ಬಗ್ಗಿ ಅರಿಶಿಣ ಕುಂಕುಮ ಹಚ್ಚಿದರು. ಪಾರ್ವತೆಮ್ಮನ ಕಣ್ಣು ಅಗಲವಾದವು. "ಎಂಥಾ ಸಂಸ್ಕಾರವಂತ ಮಂದಿ!" ಎಂದು ಒಳಗಿದ್ದವರಿಗೆ ಕೇಳುವ ಹಾಗೆ ಪಿಸುಗುಟ್ಟಿದರು.

ಒಳಗೆ ಜಮಖಾನ ಹಾಸಿತ್ತು. ಒಗ್ಗರಣೆ ಅವಲಕ್ಕಿ ಬಂತು, ಉಂಡಿ ಬಂತು, ಚಹಾ ಬಂತು. ಪಾರ್ವತೆಮ್ಮನ ಮಗ ದುರುಗೇಶ ಎದುರಿಗೆ ಕೂತು ಶಿವರಾಜನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಎತ್ತು ಕೊಳ್ಳುವವರು ಕೂಡ ಅಷ್ಟು ನೋಡುವುದಿಲ್ಲ.

"ಸರ್ಕಾರಿ ನೌಕರೀನ್ರಿ?"

"ಹೌದ್ರಿ, ಕೃಷಿ ಇಲಾಖೆ."

"ಕುಡಿಯೋದು, ಗುಟ್ಕಾ...?"

"ಇಲ್ರಿ."

"ಬೇಷ್!" ದುರುಗೇಶ ತೊಡೆ ತಟ್ಟಿದ.

ಗುರುಲಿಂಗಮ್ಮ ನನ್ನ ಕಡೆ ವಾಲಿ, "ಇವರು ನಿಮಗ ಏನಾಗಬೇಕ್ರಿ?" ಎಂದರು.

"ಅಣ್ಣ ರೀ. ದೊಡ್ಡಪ್ಪನ ಮಗ." ಮನೆ ನಮ್ಮದಾದಮೇಲೆ ಮನೆಯಲ್ಲಿರುವವರೂ ನಮ್ಮವರೇ ಆಗಬೇಕಲ್ಲ? "ಅಣ್ಣಾರ, ಇನ್ನೊಂದೀಟು ಅವಲಕ್ಕಿ ತರಸ್ರಿ" ಎಂದು ಜೋರಾಗಿ ಹೇಳಿದೆ. ದುರುಗೇಶ ಎದ್ದು ಹೋಗಿ ತಂದ. ಇದಕ್ಕಿಂತ ಪುರಾವೆ ಬೇಕೆ? ಅತ್ತ ಅವನು ಪಾರ್ವತೆಮ್ಮನಿಗೆ, "ಈ ಸಂಬಂಧ ಕುದುರಿಸಾಕ ಬಂದ ಹಿರಿಯ ಭಾಳ ಸಲಿಗಿ ಮನಷ್ಯಾ ಬೇ" ಎನ್ನುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಆದರೆ ಅವಲಕ್ಕಿ ಜಗಿಯುವ ಸದ್ದಿನಲ್ಲಿ ತಲೆಗೆ ಹೋಗಲಿಲ್ಲ.

ಅಷ್ಟರಲ್ಲಿ ಒಬ್ಬ ಹುಡುಗಿ ಹೊಸ ಸೀರೆ ಉಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ ಹಿಡಿದು ಬಂದಳು. ಶಿವಕುಮಾರಿ ಅಂತ ಹೆಸರು, ದುರುಗೇಶನ ಮಗಳು. ಎಲ್ಲರಿಗೂ ನಮಸ್ಕಾರ ಮಾಡಿ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಳು.

"ಈಕಿ ಈ ಮನಿಮಗಳಲ್ರಿ?" ಗುರುಲಿಂಗಮ್ಮ ಕೇಳಿದರು.

"ಅಲ್ಲದ ಮತ್ತ?" ಎಂದೆವು ನಾನು ಮತ್ತು ದುರುಗೇಶ, ಒಂದೇ ದನಿಯಲ್ಲಿ.

ಗುರುಲಿಂಗಮ್ಮ ಎದ್ದು ನಿಂತರು. ಮೊದಲನೆಯ ಚೀಲ ಬಿಚ್ಚಿದರು. ಶಿವಕುಮಾರಿಯ ಹಣೆಗೆ ಕುಂಕುಮ ಹಚ್ಚಿ, ಸೆರಗು ಒಡ್ಡಿಸಿ, ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು, ಮೇಲೆ ಹಸಿರು ಜಂಪರ್ ಪೀಸು ಹಾಕಿ ಉಡಿ ತುಂಬಿಬಿಟ್ಟರು.

ದುರುಗೇಶನ ಕೈಯಲ್ಲಿದ್ದ ಉಂಡಿ ಬಾಯಿಗೂ ತಟ್ಟೆಗೂ ನಡುವೆ ಹಾಗೇ ಉಳಿಯಿತು. ಶಿವಕುಮಾರಿ ತಗ್ಗಿಸಿದ ತಲೆಯನ್ನು ಫಕ್ಕನೆ ಮೇಲೆತ್ತಿದಳು. ಪಾರ್ವತೆಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿ ನಿಂತರು.

"ನೋಡಾಕ ಬಂದ ದಿನಾನ ಉಡಿ ತುಂಬಿದ್ರು!" ಎಂದು ದುರುಗೇಶ ಕೂಗಿದ. "ಕೊಡೋದು ತಗೋಳೋದು ಒಂದ ಮಾತಿಲ್ಲ, ಕತಿ ಇಲ್ಲ! ಇಂಥಾ ದಿಲ್‌ದಾರ ಬೀಗರು ಎಲ್ಲಿ ಸಿಗ್ತಾರ ಬೇ? ಸಕ್ಕರಿ ತರ್ರಿ! ಓಣಿಗೆಲ್ಲ ಹಂಚ್ರಿ!"

ಆಗ ನನಗೆ ತಿಳಿಯಿತು. ತಿಳಿಯಿತು ಎಂದರೆ, ತುಂಬಿದ ಲಾರಿಯೊಂದು ಕಾಲಿನ ಮೇಲೆ ಹತ್ತಿದಾಗ ತಿಳಿಯುತ್ತದಲ್ಲ, ಹಾಗೆ. ಇವರು ಲಿಂಗಸುಗೂರಿನಿಂದ ಹುಡುಗಿ ನೋಡಲು ಬರುವವರ ಹಾದಿ ಕಾಯುತ್ತಿದ್ದರು. ನಾನು ಲಿಂಗಸುಗೂರಿನಿಂದ ಒಬ್ಬ ಹುಡುಗನನ್ನು ಕರೆತಂದಿದ್ದೆ. ನನ್ನ ಮಗಳನ್ನು ಕೊಡಬೇಕಾದ ವರನಿಗೆ, ನನ್ನ ಎದುರಿಗೇ, ನನ್ನ ಹಿರಿತನದಲ್ಲಿ, ಬೇರೆ ಮನೆಯ ಹುಡುಗಿ ನಿಶ್ಚಯವಾಗಿದ್ದಳು.

ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. ಪದ್ಮಾವತಿ. "ಹೋಳಿಗಿ ಬೇಯಾಕತ್ತಾವ. ಅಲ್ಲಿ ಎಲ್ಲಾ ಸಸೂತ್ರ ಆತೇನ್ರಿ?"

"ಅಂದಕೊಂಡಿದ್ದಕ್ಕಿಂತ ಹೆಚ್ಚ ಆಗೈತಿ" ಎಂದು ಫೋನಿಟ್ಟೆ.

"ಅಳಿಯಂದ್ರ, ಬಾಯಿ ತೆಗೀರಿ!" ದುರುಗೇಶ ಶಿವರಾಜನ ಬಾಯಿಗೆ ಒಂದು ಹಿಡಿ ಸಕ್ಕರೆ ಸುರಿದ. ಶಿವರಾಜ ಸಕ್ಕರೆಯ ನಡುವಿನಿಂದ, "ಮಾವಾರ, ಇವರು ನನಗ ಅಳಿಯ ಅಂತಾರಲ್ರಿ?" ಎಂದ.

"ತಮ್ಮನ ಅಳಿಯ ಅಣ್ಣಗೂ ಅಳಿಯನ ಅಲ್ಲೇನಪ?" ಎಂದೆ. ಗುರುಲಿಂಗಮ್ಮ ತಲೆಯಾಡಿಸಿದರು. ಎಷ್ಟು ಚೆನ್ನಾಗಿ ಹೊಂದಿತು! ಇನ್ನು ಹತ್ತು ನಿಮಿಷ ಹೀಗೇ ದಾಟಿದರೆ, ಸಕ್ಕರೆ ತಿಂದು, ಕೈ ಮುಗಿದು, ಬಸ್ಸು ಹತ್ತಿ... ಆ ಮೇಲೆ? ಆ ಮೇಲಿನದನ್ನು ಯೋಚಿಸುವ ಅಭ್ಯಾಸ ನಮ್ಮ ಮನೆತನಕ್ಕಿಲ್ಲ.

ಮ್ಯಾಗಲ ಓಣಿಯ ಜನ ಬಾಗಿಲಲ್ಲಿ ತುಂಬಿದರು. ಕೆಮ್ಮಿಗೂ ಗತ್ತು ತೋರುವ ಹಿರಿಯರು ಅಂಗೈಯಲ್ಲಿ ಸಕ್ಕರೆ ಹಿಡಿದು, "ವರ ಚೊಲೋ ಅದಾನ, ಮೊಣಕೈಗಷ್ಟ ಪಟ್ಟಿ ಯಾಕೈತಿ?" ಎಂದು ಚರ್ಚಿಸಿದರು. ಆಗಲೇ ಹೊರಗೆ ಒಂದು ಟಂಟಂ ಆಟೋ ಬಂದು ನಿಂತಿತು. ಅದರಿಂದ ಏಳು ಜನ ಇಳಿದರು. ಮುಂದಿನವರು ರುಮಾಲು ಸರಿಮಾಡಿಕೊಂಡು ಹೊಸ್ತಿಲ ಹತ್ತಿರ ಬಂದು ಕೈ ಮುಗಿದರು.

"ತಡಾ ಆತ್ರಿ, ಹಾದ್ಯಾಗ ಗಾಲಿ ಪಂಚರ್ ಆತು. ನಾವು ಲಿಂಗಸೂರಿನವರ್ರಿ. ಹುಡುಗಿ ನೋಡಾಕ ಬಂದೀವಿ."

ಹೊರಗೆ ಟಂಟಂನ ಇಂಜಿನ್ನು ತಾನಾಗಿ ಆರಿಹೋಯಿತು. ಬಂದವರು ಉಡಿ ತುಂಬಿಕೊಂಡ ಹುಡುಗಿಯನ್ನು ನೋಡಿದರು. ಹುಡುಗಿ ಶಿವರಾಜನನ್ನು ನೋಡಿದಳು. ಶಿವರಾಜ ದೊಡ್ಡವ್ವನನ್ನು ನೋಡಿದ. ದೊಡ್ಡವ್ವ ಪಾರ್ವತೆಮ್ಮನನ್ನು, ಪಾರ್ವತೆಮ್ಮ ದುರುಗೇಶನನ್ನು, ದುರುಗೇಶ ನನ್ನನ್ನು. ಇನ್ನು ನಾನು ಯಾರನ್ನು ನೋಡಲಿ? ಹಿತ್ತಲ ಬಾಗಿಲನ್ನು ನೋಡಿದೆ.

"ಇವರು ಲಿಂಗಸೂರಿನವರಾದ್ರ, ನೀವ್ಯಾರು?" ದುರುಗೇಶ ಕೇಳಿದ.

"ನಾವೂ ಲಿಂಗಸೂರಿನವರ ರೀ" ಎಂದರು ಗುರುಲಿಂಗಮ್ಮ ತಬ್ಬಿಬ್ಬಾಗಿ. "ನಿಮ್ಮ ತಮ್ಮನ ಮಗಳನ್ನ ಇವಗ ತಗೋಳಾಕತ್ತೀವಿ. ಅದಕ್ಕ ಮೂಲಮನಿಮಗಳಿಗೆ ಉಡಿ ತುಂಬೀವಿ."

"ಯಾವ ತಮ್ಮ? ನಮ್ಮಪ್ಪಗ ನಾ ಒಬ್ಬನ ಮಗ! ನನಗ ತಮ್ಮನೂ ಇಲ್ಲ, ತಂಗೀನೂ ಇಲ್ಲ!"

ಗುರುಲಿಂಗಮ್ಮನ ಮುಖ ನಿಧಾನಕ್ಕೆ ನನ್ನ ಕಡೆ ತಿರುಗಿತು. "ಬೀಗರ?"

ನಾನು ಓಡಲಿಲ್ಲ. ಓಡುವುದು ಹೇಡಿಗಳ ಕೆಲಸ. ನಾನು ಹಿತ್ತಲ ಕಡೆ ಸ್ವಲ್ಪ ಗಡಿಬಿಡಿಯಿಂದ ನಡೆದೆ. ಆ ನಡಿಗೆಯಲ್ಲಿ ಒಂದು ಕೊಳಗ, ಎರಡು ಕೋಳಿ, ತುಳಸಿಕಟ್ಟೆಯ ದೀಪ ಉರುಳಿದವೆಂಬುದು ಬೇರೆ ಮಾತು. ಹಿಂದಿನಿಂದ ಗುರುಲಿಂಗಮ್ಮ, ಶಿವರಾಜ, ಸಕ್ಕರೆ ತಟ್ಟೆ ಹಿಡಿದ ದುರುಗೇಶ, ಪಾರ್ವತೆಮ್ಮ, ಪಂಚರ್ ಆದ ಬೀಗರು, ಅವರ ಹಿಂದೆ ಇಡೀ ಮ್ಯಾಗಲ ಓಣಿ. ಕಡಿಮೆಯೆಂದರೂ ಹತ್ತು ಸಾವಿರ ಜನ. ಹಿತ್ತಲಿಂದ ಕಲ್ಲಿನ ಮೆಟ್ಟಿಲು ಕೆಳಗಿಳಿಯುತ್ತಿದ್ದವು. ನಲವತ್ತು ಮೆಟ್ಟಿಲನ್ನು ನಾಲ್ಕೇ ಹೆಜ್ಜೆಯಲ್ಲಿ ಇಳಿದೆ. ಕೊನೆಯ ಹೆಜ್ಜೆ ಒಂದು ಹಸಿ ಕೌದಿಯ ಮೇಲೆ ಬಿತ್ತು. ಕೌದಿ ನನ್ನನ್ನು ಸುತ್ತಿಕೊಂಡು ಹಳ್ಳದ ದಂಡೆಯವರೆಗೆ ಉರುಳಿಸಿತು.

ಇಡೀ ಬೆಳಿಗ್ಗೆ ಯಾವ ಓಣಿಯ ಕಡೆ ಕುತ್ತಿಗೆ ತಿರುಗಿಸದೆ ಬದುಕಿದ್ದೆನೋ, ಅದೇ ಓಣಿಯ ನಡುವೆ ಬಿದ್ದಿದ್ದೆ.

"ಅರೇ ಅಲ್ಲಾ! ಕೌನ್ ಹೈ ರೇ?" ಎಂದು ಒಬ್ಬ ಮುದುಕಿ ಸೂಜಿ ದಾರ ಕೈಯಲ್ಲಿ ಹಿಡಿದೇ ಓಡಿಬಂದಳು. ಕೌದಿ ಎಳೆದಳು. ನನ್ನ ಮುಖ ಹೊರಗೆ ಬಂತು. ಅವಳ ಬಾಯಿ ತೆರೆದುಕೊಂಡಿತು. "ಅಂಬ್ಯಾ? ನಮ್ಮ ಬಾಜೂ ಮನಿ ಹಮಾಲಿ ಮಗಾ ಅಂಬ್ಯಾ ಅಲ್ಲೇನ್ಲೇ ನೀ?"

ಖಾತೂನ್‌ಬೀ. ಮಸ್ಕಿಯಲ್ಲಿ ಅಪ್ಪನಿಂದ ಬಂದ ನನ್ನ ಮೂಗಿನಿಂದಲೇ ನನ್ನನ್ನು ಗುರುತಿಸುವ ಏಕೈಕ ಹೆಂಗಸು. ಅವಳ ಕಣ್ಣು ತಪ್ಪಿಸಲೆಂದೇ ಹಳ್ಳದ ಓಣಿಯಲ್ಲಿ ಹುಲಿ ಬಿಟ್ಟಿದ್ದೆ.

"ಯಾವ ಹಮಾಲಿ?" ಮೆಟ್ಟಿಲ ಮೇಲಿಂದ ಗುರುಲಿಂಗಮ್ಮನ ದನಿ ಬಂತು. ಎಲ್ಲರೂ ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು, ನ್ಯಾಯಕ್ಕೆ ಕೂತ ಹಿರಿಯರ ಹಾಗೆ.

"ಇವನಪ್ಪ ರೀ. ಪೇಟ್ಯಾಗ ಚೀಲ ಹೊರತಿದ್ದ. ಭಾಳ ಒಳ್ಳೇ ಮನಷ್ಯಾ, ಒಂದು ಸುಳ್ಳು ಆಡಿದವನಲ್ಲ" ಎಂದಳು ಖಾತೂನ್‌ಬೀ. ಆಮೇಲೆ ನನ್ನ ಕಡೆ ನೋಡಿ, "ನೀ ಯಾಕಲೇ ಇಷ್ಟ್ ದಿನಾ ಬಂದಿಲ್ಲ? ಸಿಂಧನೂರಾಗ ಮಿಲ್ಲಿನ ಗೇಟಿನ್ಯಾಗ ತೂಕದ ಕಾಂಟಾ ಮುಂದ ಲಾರಿ ನಂಬರ್ ಬರೀತೀ ಅಂತಲ್ಲ, ನಿಂತು ನಿಂತು ಕಾಲು ನೋಯಲ್ಲೇನು?"

ಮೆಟ್ಟಿಲ ಮೇಲೆ ಯಾರೋ ಕಿಸಕ್ಕೆಂದರು. ನೋಡಿ, ಎಲ್ಲ ಮುಚ್ಚಿಡಬಹುದು. ಪ್ರೀತಿಯಿಂದ ಕ್ಷೇಮ ಕೇಳುವವರ ಬಾಯಿ ಮಾತ್ರ ಮುಚ್ಚಲಾಗದು.

ಗುರುಲಿಂಗಮ್ಮ ಒಂದೊಂದೇ ಮೆಟ್ಟಿಲು ಇಳಿದು ನನ್ನ ಮುಂದೆ ನಿಂತರು. ಕೈಯಲ್ಲಿ ಎರಡನೆಯ ಚೀಲ, ನಂದಿನಿಯದು. ಅದನ್ನು ಅವರು ಎದೆಗೆ ಒತ್ತಿ ಹಿಡಿದಿದ್ದರು. ಯಾವುದೇ ಗಳಿಗೆಯಲ್ಲಿ ಅದು ಲಿಂಗಸುಗೂರಿನ ಬಸ್ಸು ಹತ್ತಬಹುದಿತ್ತು. ಶಿವರಾಜ ಅವರ ಹಿಂದೆ, ಬಿಳಿಚಿಕೊಂಡ ಮುಖ, ತುಟಿಗೆಲ್ಲ ಸಕ್ಕರೆ.

"ನಿಮ್ಮ ಮೂಲಮನಿ ಎಲ್ಲೈತಿ?" ಎಂದರು. ರೀ ಇರಲಿಲ್ಲ, ಬೀಗರ ಇರಲಿಲ್ಲ.

ನನ್ನ ಬಾಯಿಯಲ್ಲಿ ಮೂರು ಉತ್ತರ ಸಿದ್ಧವಿದ್ದವು. ಭೂಕಂಪದಲ್ಲಿ ಹೋಯಿತು, ನಿಜಾಮರು ಕೇಳಿ ತೆಗೆದುಕೊಂಡರು, ಸರ್ಕಾರ ಮ್ಯೂಜಿಯಂ ಮಾಡಿತು. ಮೂರೂ ಚೆನ್ನಾಗಿದ್ದವು. ಆದರೆ ನಂದಿನಿಯ ಮಾತು ನೆನಪಾಗಿ ಮೂರನ್ನೂ ನುಂಗಿದೆ.

ಖಾತೂನ್‌ಬೀ, "ಮನಿ ಎಲ್ಲೈತ್ರೀ?" ಎಂದು ತನ್ನ ತಗಡಿನ ಮನೆಯ ಪಕ್ಕದ ಖಾಲಿ ಜಾಗಕ್ಕೆ ಕೈ ಮಾಡಿದಳು. "ಒಂದ ಖೋಲಿ, ಮಣ್ಣಿನ ಗ್ವಾಡಿ. ಹಳ್ಳ ಬಂದ ವರ್ಷ ಹೋತು. ಈ ಹೊಸ್ತಿಲಗಲ್ಲು ಒಂದ ಉಳೀತು. ಇದರ ಮ್ಯಾಲ ಕೂತ ನಾ ಕೌದಿ ಹೊಲೀತೀನಿ."

ನೆಲದಲ್ಲಿ ಅರ್ಧ ಹುಗಿದ ಒಂದು ಕಲ್ಲು. ನಡುವೆ ಸವೆದು ತಗ್ಗಾಗಿತ್ತು. ಅದರ ಮೇಲೆ ಚಿಂದಿ ಬಟ್ಟೆ, ದಾರದ ಉಂಡೆ.

"ಹೌದ್ರಿ" ಎಂದೆ. ಅಷ್ಟು ಚಿಕ್ಕ ಮಾತನ್ನು ನಾನು ಆಡಿದ್ದು ಅದೇ ಮೊದಲು. "ಅದ ರೀ ನಮ್ಮ ಮೂಲಮನಿ. ವಾಡೆ ಸುಳ್ಳು, ಅಣ್ಣ ಸುಳ್ಳು, ಹುಲೀನೂ ಸುಳ್ಳ ರೀ. ನನ್ನ ಮಗಳಿಗೆ ಇದ್ಯಾವುದೂ ಗೊತ್ತಿಲ್ಲ ಅಂತಲ್ಲ, ಆಕಿ ಖರೇ ಹೇಳು ಅಂದಿದ್ಲು. ನಾ ಹೇಳಲಿಲ್ಲ. ತಪ್ಪು ನನ್ನದು, ಆಕಿದಲ್ಲ."

ಆಗ ಮೆಟ್ಟಿಲ ಮೇಲಿಂದ, ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಶಿವಕುಮಾರಿ ಇಳಿದು ಬಂದಳು.

"ದೊಡ್ಡವ್ವಾರ, ಈ ಉಡಿ ಏನ್ ಮಾಡ್ಲಿ? ಈ ಹುಡುಗ ನನಗ ಬ್ಯಾಡ್ರಿ. ನಾ ಬಂದು ಕೂತಾಗಿಂದ ನನ್ನ ಮಾರಿ ಒಂದ ಸಲ ನೋಡಿಲ್ಲ. ಫೋನ್‌ನ್ಯಾಗ ನರ್ಸಮ್ಮನ ಫೋಟೋ ಒಂಬತ್ತು ಸಲ ನೋಡ್ಯಾನ. ನಾ ಎಣಿಸೀನಿ."

ಶಿವರಾಜ ಫೋನನ್ನು ಬೆನ್ನ ಹಿಂದೆ ಮುಚ್ಚಿಕೊಂಡ. ಮೊದಲು ನಕ್ಕದ್ದು 'ಪಂಚರ್ ಆದ' ಬೀಗರು. "ಎಣಿಕಿ ಪಕ್ಕಾ ಐತಿ, ಹುಡುಗಿ ನಮಗ ಪಸಂದ" ಎಂದರು ರುಮಾಲಿನ ಹಿರಿಯರು. ದುರುಗೇಶ ತಟ್ಟೆಯಲ್ಲಿ ಉಳಿದ ಸಕ್ಕರೆಯನ್ನು ಎಲ್ಲಿ ಸುರಿಯುವುದೆಂದು ತಿಳಿಯದೆ ಅವರ ಕೈಗೇ ಸುರಿದ.

ಗುರುಲಿಂಗಮ್ಮ ಶಿವಕುಮಾರಿಯ ತಲೆ ಸವರಿದರು. "ತುಂಬಿದ ಉಡಿ ಹೊಳ್ಳಿ ತಗೋಬಾರದವ್ವ. ಮನಿಮಗಳಂತ ತುಂಬೀನಿ, ಮನಿಮಗಳಾಗೇ ಇರು. ಲಿಂಗಸೂರಿಗೆ ಬಂದ ಮ್ಯಾಲ ನಮ್ಮನೀನ ನಿನ್ನ ತವರಮನಿ." ಆಮೇಲೆ ಆ ಕಲ್ಲಿನ ಹತ್ತಿರ ಹೋದರು. ಚಿಂದಿಯನ್ನು ಸರಿಸಿದರು. ಸವೆದ ತಗ್ಗಿನ ಮೇಲೆ ಕೈಯಾಡಿಸಿ, "ಎಷ್ಟ್ ಮಂದಿ ತುಳದಾರ ನೋಡು" ಎಂದು ತಮ್ಮಷ್ಟಕ್ಕೆ ಅಂದುಕೊಂಡು ಅರಿಶಿಣ ಹಚ್ಚಿದರು, ಕುಂಕುಮ ಇಟ್ಟರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಾ ಹೊಸ್ತಿಲ ಕೇಳಿದ್ನಿ ರೀ ಬೀಗರ, ಅಂಕಣ ಎಷ್ಟಂತ ಕೇಳಿರಲಿಲ್ಲ" ಎಂದರು ಸೆರಗು ಕೊಡವಿಕೊಂಡು. "ನಡೀರಿ ಸಿಂಧನೂರಿಗೆ, ಹುಡುಗಿ ಕಾಯ್ತಿರ್ತಾಳ. ಬಸ್ ಹತ್ತೋ ಮೊದಲ ಹೇಳ್ರಿ, ಇನ್ನೇನರ ಸುಳ್ಳು ಉಳದಾವೇನು? ಅಶೋಕಗ ಕೌದಿ ಹಾಸಿದ್ದು?"

"ಅದು ಅರ್ಧ ಖರೇ ರೀ" ಎಂದೆ.

"ಅರ್ಧ?"

"ಕೌದಿ ಖರೇ."

"ಕೌದಿ ನಂದು!" ಖಾತೂನ್‌ಬೀ ಸೂಜಿ ಎತ್ತಿ ನನ್ನ ಕಡೆ ನುಗ್ಗಿದಳು. "ಹಳ್ಳ ಬಂದಾಗ ಮೂರು ವರ್ಷದ ಈ ಅಂಬ್ಯಾನ್ನ ನನ್ನ ಹೊಸಾ ಕೌದಿಯೊಳಗ ಸುತ್ತಿ ಎತ್ತಿಗೊಂಡು ಮೆಟ್ಟಲಾ ಹತ್ತೀನಿ. ಕೌದಿ ಸಮೇತ ಸಿಂಧನೂರಿಗೆ ಹೋದವರು ಇವತ್ತಿಗೂ ಹೊಳ್ಳಿ ಕೊಟ್ಟಿಲ್ಲ!"

ಎಲ್ಲರೂ ನನ್ನನ್ನು ನೋಡಿದರು. ಹತ್ತು ಸಾವಿರ ಜನ ಅಂದೆನಲ್ಲ, ಇಪ್ಪತ್ತೆರಡು. ಇನ್ನು ಮುಚ್ಚಿಟ್ಟು ಫಲವೇನು, ಹೇಳಿಬಿಡುತ್ತೇನೆ. ಆ ಕೌದಿ ಈಗಲೂ ನಮ್ಮ ಮನೆಯ ಟ್ರಂಕಿನಲ್ಲಿದೆ. ಅದರ ಮೇಲೆ ಅಶೋಕ ಮಲಗಲಿಲ್ಲ. ಮಲಗಿದವನು ನಾನು, ಮೆತ್ತಗೆ, ಬೆಚ್ಚಗೆ, ಮರುದಿನ ಮಧ್ಯಾಹ್ನದವರೆಗೆ. ಅದನ್ನು ತೋಯಿಸಿದವನೂ ನಾನೇ.